ಹುಲ್ಲಿಗೂ ಈಗ ರಸೀದಿ ಇದೆ, ದೊಡ್ಡಪ್ಪ

ನಿನ್ನೆ ತುಮಕೂರಿನಲ್ಲಿ ಚಿಕ್ಕಮ್ಮನ ಮಗಳ ಸೀಮಂತ. ದೊಡ್ಡಮ್ಮ ನನ್ನ ಸೆರಗಿಗೆ ತೆಂಗಿನಕಾಯಿ ಹಾಕಿ, ಎಲ್ಲರಿಗೂ ಕೇಳಿಸುವಂತೆ, "ಮುಂದಿನ ಸರದಿ ನಿನ್ನದೇ ಕಣೇ" ಎಂದರು. ಅಲ್ಲಿಗೆ ಮುಗಿಯಬಹುದಿತ್ತು. ಎರಡನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ ದೊಡ್ಡಪ್ಪ, "ಈಗಿನವರಿಗೆ ಮಕ್ಕಳಿಗಿಂತ ಷೋಕಿ ಮುಖ್ಯ" ಎಂದುಬಿಟ್ಟರು. (ಅವರೂ ಫೇಸ್‌ಬುಕ್‌ನಲ್ಲಿದ್ದಾರೆ. ಓದಲಿ.)

ನಮ್ಮ ಷೋಕಿ ಎಂಥದ್ದೆಂದು ನಿಮಗೆಲ್ಲ ಗೊತ್ತು. ನನ್ನವರು ಎಂಟು ವರ್ಷಗಳಿಂದ ಅತಿಥಿ ಉಪನ್ಯಾಸಕರು. ಎಂಟು ವರ್ಷ ದಿನಾ ಬಂದು ಹೋಗುವವರು ಅದು ಹೇಗೆ ಅತಿಥಿಯೋ! ಪ್ರತಿ ವರ್ಷ ಹೊಸ ಅರ್ಜಿ, ಹೊಸ ಆದೇಶ. ರಜೆಯ ತಿಂಗಳುಗಳಲ್ಲಿ ಏನೂ ಇಲ್ಲ. ಗೌರವಧನ ಬರುವುದು ಮೂರು ತಿಂಗಳಿಗೊಮ್ಮೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಅದರ ಬಾಕಿಯನ್ನೂ ಬರೆಯುತ್ತೇನೆ.

ನನಗೆ ಆಡಿಟರ್ ಕಚೇರಿಯಲ್ಲಿ ಕೆಲಸ. 2017ರಲ್ಲಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದಾಗ ಕುಣಿದಾಡಿದ್ದೆ. ನಮ್ಮಂಥ ಕಚೇರಿಗಳಲ್ಲಿ ಕನಿಷ್ಠ ಹತ್ತು ಮಂದಿ ಕೆಲಸ ಮಾಡುತ್ತಿದ್ದರಷ್ಟೇ ಆ ಕಾನೂನು ಎಂದು ಆಮೇಲೆ ತಿಳಿಯಿತು. ನಮ್ಮಲ್ಲಿ ಗೋಡೆಯ ಗಣಪತಿಯನ್ನು ಸೇರಿಸಿದರೂ ಎಂಟೇ. ಶಿಶುಪಾಲನಾ ಕೇಂದ್ರ ಇಡಬೇಕಾದರೆ ಐವತ್ತು ಮಂದಿ ಇರಬೇಕು. ಅಷ್ಟು ಗಣಪತಿಗಳನ್ನು ಎಲ್ಲಿಂದ ತರಲಿ?

2024ರಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಹೆಚ್ಚು ಮಕ್ಕಳು ಬೇಕು ಎಂದರು, ಆಗ ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಸ್ಟಾಲಿನ್ ಹದಿನಾರು ಮಕ್ಕಳ ಮಾತೆತ್ತಿದರು. ನಾಯ್ಡುಗೆ ರಾಜ್ಯದ ಜನಕ್ಕೆ ವಯಸ್ಸಾಗುತ್ತಿರುವ ಚಿಂತೆ, ಸ್ಟಾಲಿನ್‌ಗೆ ಜನ ಕಡಿಮೆಯಾದರೆ ಲೋಕಸಭೆಯ ಸೀಟೂ ಕಡಿಮೆಯಾದೀತೆಂಬ ಚಿಂತೆ, ನಮಗೆ ಎಲ್‌ಕೆಜಿ ಸೀಟಿನದು. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಇಡೀ ರಾಜ್ಯಕ್ಕೇ ಷೋಕಿ ಹಿಡಿದಿದೆಯೇ?

"ಅಜ್ಜಿ ಏಳು ಹೆರಲಿಲ್ಲವೇ? ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ?" ಎಂದರು ದೊಡ್ಡಪ್ಪ. ಅಜ್ಜಿಗೆ ಹಗೇವಿನಲ್ಲಿ ರಾಗಿ ಇತ್ತು. ಏಳು ವರ್ಷದ ಮಗ ಎಮ್ಮೆ ಕಾಯುತ್ತಿದ್ದ, ಶುಲ್ಕ ಕೇಳುತ್ತಿರಲಿಲ್ಲ. ಆ ಏಳರಲ್ಲಿ ಎರಡು ಉಳಿಯಲಿಲ್ಲ ಎಂಬುದನ್ನು ಸೀಮಂತದ ಮನೆಯಲ್ಲಿ ಯಾರೂ ಹೇಳುವುದಿಲ್ಲ. ಒಂದನೇ ತಾರೀಖಿಗೆ ಪಿಂಚಣಿ ಬರುವವರಿಗೆ ದೇವರನ್ನು ನಂಬುವುದು ಸುಲಭ ಬಿಡಿ.

ನನಗೆ ಮಗು ಬೇಕು. ಇದನ್ನು ಅಲ್ಲಿ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ. ಹೋದ ವರ್ಷ ಹತ್ತು ದಿನ ತಡವಾದಾಗ ನಾನು ಮೊದಲು ತೆರೆದದ್ದು ಪಾಸ್‌ಬುಕ್. ಹನ್ನೊಂದನೆಯ ದಿನ ಮುಟ್ಟಾದೆ. ಬಚ್ಚಲಮನೆಯ ನಲ್ಲಿ ತಿರುಗಿಸಿಟ್ಟು ಅತ್ತುಬಿಟ್ಟೆ, ನೆಮ್ಮದಿಯಿಂದ. ಆ ನೆಮ್ಮದಿಯ ಮೇಲೆ ನನಗಿನ್ನೂ ಸಿಟ್ಟಿದೆ.

ದೊಡ್ಡಮ್ಮ ಕೊಟ್ಟ ಕಾಯಿಯಲ್ಲಿ ಅರ್ಧ ಬೆಳಿಗ್ಗೆ ಚಟ್ನಿಯಾಯಿತು. ಉಳಿದರ್ಧ ಫ್ರಿಜ್‌ನಲ್ಲಿದೆ.