ಕೇಪ್ ರಾಥ್ ಮತ್ತು ಸೀರೆ ಅಂಗಡಿಯ ಚೀಲ

ಪುಳಿಯೋಗರೆ ಡಬ್ಬಿ ಕಾರಲ್ಲೇ ಉಳಿದಿದೆ ಅಂತ ಗೊತ್ತಾದಾಗ ನಾವು ಬ್ರಿಟನ್ನಿನ ವಾಯವ್ಯ ತುದಿಯಲ್ಲಿ ನಿಂತಿದ್ದೆವು. ಕಾರು ಎಲ್ಲಿತ್ತು? ಹದಿನೆಂಟು ಕಿಲೋಮೀಟರ್ ದೂರ, ಅದೂ ನೀರಿನ ಆಚೆ ದಡದಲ್ಲಿ.

ಬೇಸಿಗೆಗೆ ಅಂತ ಅಮ್ಮ ತುಮಕೂರಿಂದ ಸ್ಕಾಟ್ಲೆಂಡಿಗೆ ಬಂದಿದ್ದರು. ಕೋಟೆ ತೋರಿಸಿದೆ, ಸರೋವರ ತೋರಿಸಿದೆ, ಎಲ್ಲದಕ್ಕೂ "ಚೆನ್ನಾಗಿದೆ, ಚಳಿ ಜಾಸ್ತಿ" ಅನ್ನೋ ಒಂದೇ ತೀರ್ಪು. ಸರಿ, ಜನ ಸುಲಭವಾಗಿ ಹೋಗದ ಜಾಗಕ್ಕೇ ಕರ್ಕೊಂಡು ಹೋಗೋಣ ಅಂತ ಕೇಪ್ ರಾಥ್ ಆರಿಸಿದೆ. ಇಂಗ್ಲಿಷಿನಲ್ಲಿ ಆ ಪದಕ್ಕೆ ಕಡುಕೋಪ ಅಂತ ಅರ್ಥ. "ಅಮ್ಮಾ, ಕೋಪದ ಭೂಶಿರ!" ಅಂದೆ ಭಾರೀ ಉತ್ಸಾಹದಲ್ಲಿ. "ಅದನ್ನ ನೋಡೋಕೆ ಅಷ್ಟು ದೂರ ಯಾಕೋ, ನಿಮ್ಮಪ್ಪ ಇದ್ದಾಗ ದಿನಾ ಮನೇಲೇ ನೋಡ್ತಿದ್ವಲ್ಲ" ಅಂದರು.

ಡರ್ನೆಸ್ ಅನ್ನೋ ಪುಟ್ಟ ಊರಲ್ಲಿ ರಾತ್ರಿ ಉಳಿದೆವು. ಬೆಳಗ್ಗೆ ಅಮ್ಮ ಊರಿಂದ ತಂದಿದ್ದ ಗೊಜ್ಜಿನಲ್ಲಿ ಪುಳಿಯೋಗರೆ ಕಲಸಿ, ತುಮಕೂರಿನ ಸೀರೆ ಅಂಗಡಿಯೊಂದರ ಚೀಲಕ್ಕೆ ಡಬ್ಬಿ ಇಟ್ಟರು. ಅದೇ ಅಂಗಡಿಯ, ಅದೇ ಬಣ್ಣದ, ಅದೇ ಅಳತೆಯ ಇನ್ನೊಂದು ಚೀಲದಲ್ಲಿ ಹಿಂದಿನ ದಿನ ಬೀಚಿನಲ್ಲಿ ಒದ್ದೆಯಾದ ಟವಲ್‌ಗಳು ಮತ್ತು ಅಮ್ಮನ ಚಪ್ಪಲಿ ಇದ್ದವು. ಮುಂದಿನದು ನಿಮಗೆ ಗೊತ್ತಾಗಿರಬೇಕು. ನನಗೆ ಮಾತ್ರ ಗೊತ್ತಾಗಲಿಲ್ಲ.

ಕೇಪ್ ರಾಥ್‌ಗೆ ಕಾರು ಹೋಗಲ್ಲ. ಮೊದಲು ಸಣ್ಣ ದೋಣಿಯಲ್ಲಿ ಕೈಲ್ ಆಫ್ ಡರ್ನೆಸ್ ಅನ್ನೋ ಕಡಲ ಹಿನ್ನೀರು ದಾಟಬೇಕು, ಆಮೇಲೆ ಆಚೆ ದಡದಲ್ಲಿ ಕಾಯುವ ಮಿನಿಬಸ್ ಹತ್ತಬೇಕು. ದೀಪಸ್ತಂಭ ಕಟ್ಟಿದ 1828ರ ಕಾಲದ ರಸ್ತೆ ಅದು. ಉಳಿದ ಯಾವ ರಸ್ತೆಗೂ ಕೂಡಿಕೊಳ್ಳದೆ ತನ್ನ ಪಾಡಿಗೆ ತಾನು ಬಿದ್ದಿದೆ. ಹದಿನೆಂಟು ಕಿಲೋಮೀಟರಿಗೆ ಸುಮಾರು ಒಂದು ಗಂಟೆ ಬೇಕು, ಅಂದರೆ ಗುಂಡಿಗಳ ಲೆಕ್ಕ ನೀವೇ ಹಾಕಿಕೊಳ್ಳಿ. ಅಮ್ಮನಿಗೆ ಮೊದಲ ಸಲ ಊರಿನ ಕಳೆ ಕಂಡಿದ್ದು ಇಲ್ಲೇ.

ದಾರಿಯಲ್ಲಿ ಎಚ್ಚರಿಕೆಯ ಬೋರ್ಡುಗಳು. ಇಡೀ ಬಯಲು ಸೇನೆಯ ಅಭ್ಯಾಸದ ಜಾಗ. ಹಡಗಿನಿಂದ ಗುಂಡು ಹಾರಿಸ್ತಾರೆ, ಹತ್ತಿರದ ಗಾರ್ವಿ ದ್ವೀಪದ ಮೇಲೆ ವಿಮಾನದಿಂದ ಬಾಂಬ್ ಹಾಕ್ತಾರೆ, ಅಂಥ ದಿನ ಯಾರನ್ನೂ ಒಳಗೆ ಬಿಡಲ್ಲ. ಇದನ್ನೆಲ್ಲ ಅಮ್ಮನಿಗೆ ಅನುವಾದ ಮಾಡಿದ್ದು ನನ್ನ ಎರಡನೇ ತಪ್ಪು. "ಬಾಂಬ್ ಹಾಕೋ ಜಾಗಕ್ಕೆ ದುಡ್ಡು ಕೊಟ್ಟು ಕರ್ಕೊಂಡು ಬಂದ್ಯಾ?" ಅಂತ ಇಡೀ ಬಸ್ಸಿಗೆ ಕೇಳೋ ಹಾಗೆ ಕೇಳಿದರು. ಪುಣ್ಯಕ್ಕೆ ಬಸ್ಸಿನಲ್ಲಿ ಕನ್ನಡದವರು ನಾವೇ.

ತುದಿ ಮಾತ್ರ ನಿಜಕ್ಕೂ ತುದಿ. ನೂರಾರು ಅಡಿ ಕೆಳಗೆ ಕಲ್ಲಿಗೆ ಬಡಿಯುವ ಬಿಳಿ ನೊರೆ, ಉತ್ತರಕ್ಕೆ ಬರೀ ನೀರು, ಪಶ್ಚಿಮದಲ್ಲಿ ಲೂಯಿಸ್ ದ್ವೀಪ ಮಸುಕಾಗಿ ಒಂದು ಗೆರೆ. ಸ್ವಲ್ಪ ಪೂರ್ವದಲ್ಲಿರುವ ಕ್ಲೋ ಮೋರ್ ಕಡಲಬಂಡೆಯ ಎತ್ತರ 281 ಮೀಟರ್, ಬ್ರಿಟನ್ನಿನ ಮುಖ್ಯ ಭೂಭಾಗದಲ್ಲಿ ಅದಕ್ಕಿಂತ ಎತ್ತರದ್ದು ಇನ್ನೊಂದಿಲ್ಲ. ಬಿಳಿ ದೀಪಸ್ತಂಭವನ್ನು ಕಟ್ಟಿಸಿದವನು ರಾಬರ್ಟ್ ಸ್ಟೀವನ್ಸನ್, ಅಂದರೆ ಕಾದಂಬರಿಕಾರ ಆರ್. ಎಲ್. ಸ್ಟೀವನ್ಸನ್ನನ ತಾತ. 1998ರಿಂದ ದೀಪ ತಾನೇ ಹತ್ತಿ ತಾನೇ ಆರುತ್ತದೆ, ಕಾಯೋರು ಯಾರೂ ಇಲ್ಲ. ಗಾಳಿ ಹೇಗಿತ್ತು ಅಂದರೆ, ನಾನು ಇದನ್ನೆಲ್ಲ ವಿವರಿಸುತ್ತಿದ್ದರೆ ಪಕ್ಕದಲ್ಲಿದ್ದ ಹೆಂಡತಿಗೆ ಒಂದಕ್ಷರ ಕೇಳಿಸಲಿಲ್ಲ. ಅವಳ ಪ್ರಕಾರ ಪ್ರವಾಸದ ಅತ್ಯುತ್ತಮ ಭಾಗ ಅದೇ.

"ಊಟ ಮಾಡೋಣ" ಅಂದರು ಅಮ್ಮ. ಗೋಡೆಯ ಮರೆಯಲ್ಲಿ ಕೂತು ಚೀಲ ಬಿಚ್ಚಿದೆ. ಟವಲ್. ಕೆಳಗೆ ಇನ್ನೊಂದು ಟವಲ್. ಅದರ ಕೆಳಗೆ ಚಪ್ಪಲಿ.

ಯಾರೂ ಮಾತಾಡಲಿಲ್ಲ. ಭೂಶಿರದ ಹೆಸರು ಸರಿಯಾಗೇ ಇದೆ ಅನ್ನಿಸಿತು.

ದೀಪಸ್ತಂಭದ ಪಕ್ಕದ ಕೆಫೆಗೆ ಓಡಿದೆ. ಕೇಕ್ ಸಿಕ್ಕಿತು. "ಮೊಟ್ಟೆ ಇರುತ್ತೆ" ಅಂತ ಅಮ್ಮ ಮುಟ್ಟಲಿಲ್ಲ, ಬರೀ ಟೀ ಕುಡಿದರು. ವಾತಾವರಣ ತಿಳಿಯಾಗಲಿ ಅಂತ ನಾನು ಓದಿದ್ದ ಒಂದು ಸಂಗತಿ ಹೇಳಿದೆ. 2009ರ ಕ್ರಿಸ್‌ಮಸ್ ಸಮಯದಲ್ಲಿ ಇಲ್ಲಿ ಕೆಫೆ ನಡೆಸುತ್ತಿದ್ದ ದಂಪತಿಯಲ್ಲಿ ಹೆಂಡತಿ ಹಬ್ಬದ ಸಾಮಾನು ತರೋಕೆ ಹೋದವರು ಹಿಮದಲ್ಲಿ ದಾರಿ ಮುಚ್ಚಿ ಸುಮಾರು ಒಂದು ತಿಂಗಳು ವಾಪಸ್ ಬರೋಕಾಗಲಿಲ್ಲ. "ಒಂದು ತಿಂಗಳಾ?" ಅಂದಳು ನನ್ನವಳು. ಆ ದನಿಯಲ್ಲಿ ಮರುಕಕ್ಕಿಂತ ಆಸೆ ಜಾಸ್ತಿ ಇತ್ತು.

ಆಮೇಲೆ ದೆವ್ವದ ಕಥೆಗೆ ಬಂದೆ. ದಕ್ಷಿಣಕ್ಕಿರುವ ಸ್ಯಾಂಡ್‌ವುಡ್ ಕೊಲ್ಲಿಯಲ್ಲಿ ಒಬ್ಬ ಕುರಿಗಾಹಿ 1900ರಲ್ಲಿ ಮತ್ಸ್ಯಕನ್ಯೆಯನ್ನು ನೋಡಿದನಂತೆ. ಅಲ್ಲೇ ಪಾಳುಬಿದ್ದ ಮನೆಯ ಕಿಟಕಿಯನ್ನು ಬಿರುಗಾಳಿಯ ರಾತ್ರಿ ಗಡ್ಡದ ನಾವಿಕನ ದೆವ್ವ ಬಂದು ತಟ್ಟುತ್ತದಂತೆ. ಅಮ್ಮ ಈಗ ಬಾಯಿ ಬಿಟ್ಟರು. "ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯೋಕೆ ಯಾರೂ ಹೇಳಲಿಲ್ವಾ?"

ವಾಪಸ್ ಹೊರಡೋ ಮುಂಚೆ ಡ್ರೈವರ್ ನನ್ನ ಕೋಪದ ಕಥೆಗೂ ನೀರೆರಚಿದ. ಈ ಹೆಸರಿಗೂ ಕೋಪಕ್ಕೂ ಸಂಬಂಧವೇ ಇಲ್ಲವಂತೆ. ಹಳೆಯ ನಾರ್ಸ್ ಭಾಷೆಯ ‘ಹ್ವಾರ್ಫ್’ನಿಂದ ಬಂದದ್ದು, ಅಂದರೆ ತಿರುಗುವ ಜಾಗ. ವೈಕಿಂಗರು ಇಲ್ಲಿಗೆ ಬಂದು ಹಡಗು ತಿರುಗಿಸುತ್ತಿದ್ದರಂತೆ. "ಬುದ್ಧಿವಂತರು, ನಾವೂ ತಿರುಗೋಣ, ಹೊಟ್ಟೆ ಹಸೀತಿದೆ" ಅಂದರು ಅಮ್ಮ.

ಕೊನೆಗೆ ಕಾರಿನ ಡಿಕ್ಕಿ ತೆಗೆದು ಪುಳಿಯೋಗರೆ ತಿಂದಾಗ ನಾಲ್ಕು ಗಂಟೆ. ಕುರಿಯೊಂದು ಬಂದು ನೋಡಿಕೊಂಡು ಹೋಯಿತು.

ದೀಪಸ್ತಂಭದ ಮುಂದೆ ತೆಗೆದ ಒಂದೇ ಒಂದು ಒಳ್ಳೆ ಫೋಟೋದಲ್ಲಿ, ಗಾಳಿಗೆ ಹಾರಿ ಹೋಗದಿರಲಿ ಅಂತ ಅಮ್ಮ ಚಪ್ಪಲಿಯ ಚೀಲವನ್ನು ಎರಡೂ ಕೈಯಲ್ಲಿ ಎದೆಗವಚಿ ನಿಂತಿದ್ದಾರೆ. ಅಂಗಡಿಯ ಹೆಸರು, ಫೋನ್ ನಂಬರ್ ಸಮೇತ ಸ್ಪಷ್ಟವಾಗಿದೆ. ಫ್ಯಾಮಿಲಿ ಗ್ರೂಪಿಗೆ ಹಾಕಿದ ಐದೇ ನಿಮಿಷಕ್ಕೆ ದೊಡ್ಡಮ್ಮನ ಮೆಸೇಜ್ ಬಂತು: "ಅಲ್ಲೂ ಬ್ರಾಂಚ್ ಓಪನ್ ಮಾಡಿದಾರಾ? ಡಿಸ್ಕೌಂಟ್ ಇದೆಯಾ ಕೇಳು."