ತಗ್ಗು ಮಾಡಿನ ಕಾರು

ಕಾರು ಮಾರುವವರು ಕೊಡುವ ಬಣ್ಣದ ಪುಸ್ತಿಕೆಯಲ್ಲಿ ಮೈಲೇಜ್ ಇರುತ್ತದೆ, ಏರ್‌ಬ್ಯಾಗ್ ಎಷ್ಟಿವೆ ಎಂಬುದಿರುತ್ತದೆ, ಡಿಕ್ಕಿ ಎಷ್ಟು ಲೀಟರಿನದು ಎಂಬ ಲೆಕ್ಕವೂ ಇರುತ್ತದೆ. (ಡಿಕ್ಕಿಯನ್ನು ಲೀಟರಿನಲ್ಲಿ ಏಕೆ ಅಳೆಯಬೇಕೋ! ನಮ್ಮ ಕಡೆ ಅದರಲ್ಲಿ ಹೋಗುವುದು ಬಾಳೆಗೊನೆ.) ಆದರೆ ಎಪ್ಪತ್ತು ದಾಟಿದ, ಪಂಚೆ ಉಟ್ಟ, ಮಂಡಿನೋವಿನ ಮನುಷ್ಯನೊಬ್ಬ ಆ ಕಾರಿನಿಂದ ನಾಲ್ಕು ಜನರೆದುರು ಮರ್ಯಾದೆಯಿಂದ ಇಳಿಯಬಲ್ಲನೇ ಎಂಬುದನ್ನು ಯಾವ ಕಂಪನಿಯೂ ಅಚ್ಚು ಹಾಕಿಸುವುದಿಲ್ಲ. ಮೊದಲ ಪುಟದಲ್ಲಿ ಇರಬೇಕಾದದ್ದೇ ಅದು.

ಸಿರ್ಸಿ ಹತ್ತಿರದ ನಮ್ಮ ಅಂಗಳದಲ್ಲಿ ನಿಂತಿರುವುದು ಮಗನ ಕಾರು. ಬೆಂಗಳೂರು ಬಿಟ್ಟು ವಿದೇಶಕ್ಕೆ ಹೋಗುವಾಗ, "ಬ್ಯಾಟರಿ ಇಳಿದುಹೋಗದಂತೆ ಆಗಾಗ ಓಡಿಸುತ್ತಿರು ಅಪ್ಪಯ್ಯ" ಎಂದು ಬೀಗದ ಕೈ ಕೊಟ್ಟು ಹೋದ. ದೂರದಿಂದ ನೋಡಲು ಬಲು ಚೆಂದ. ಅದರ ಮಾಡು ಮುಂದಿನ ಗಾಜಿನ ಮೇಲೆ ಏರಿದ್ದೇ ತಡ, ಮನಸ್ಸು ಬದಲಿಸಿದ ಹಾಗೆ ಹಿಂದಕ್ಕೆ ಇಳಿಯತೊಡಗುತ್ತದೆ. ಇಳಿಯುತ್ತ ಇಳಿಯುತ್ತ ಡಿಕ್ಕಿಯನ್ನೇ ಸೇರಿಬಿಡುತ್ತದೆ. ಹಿಂಬದಿಯ ಬಾಗಿಲು ತೆಗೆದು ನಿಂತರೆ ಸೀಟು ಮೊಣಕಾಲಿನ ಮಟ್ಟದಲ್ಲಿ, ಮಾಡಿನ ಅಂಚು ಎದೆಯ ಮಟ್ಟದಲ್ಲಿ. ನಡುವೆ ಉಳಿದ ಸಂದಿ ನಮ್ಮದು.

ಮಾಡನ್ನು ಹೀಗೆ ಇಳಿಸುವುದು ಗಾಳಿಯ ಸಲುವಾಗಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಇದ್ದದ್ದು 80ರಲ್ಲಿ ನಾಲ್ಕು ಪಟ್ಟಾಗುತ್ತದೆ. ಹೆದ್ದಾರಿಯಲ್ಲಿ ನೂರರ ಆಸುಪಾಸು ಓಡಿಸುವವರಿಗೆ ಇಳಿಜಾರು ಮಾಡಿನಿಂದ ಇಂಧನ ಉಳಿಯುತ್ತದೆ, ನಿಜ. ಆದರೆ ಸಿರ್ಸಿಯಿಂದ ಕುಮಟಾಕ್ಕೆ ದೇವಿಮನೆ ಘಾಟಿ ಇಳಿಯುವಾಗ ಮುಂದೊಂದು ಲಾರಿ, ಹಿಂದೊಂದು ಬಸ್, ಎದುರಿನ ತಿರುವಿನಲ್ಲಿ ಮತ್ತೊಂದು ಲಾರಿ. ಗಾಳಿ ನಮ್ಮನ್ನು ತಡೆಯುವ ಮಾತು ಹಾಗಿರಲಿ, ಗಾಳಿಗೆ ನಾವೇ ಅಡ್ಡ ನಿಂತಿರುತ್ತೇವೆ. ಇಲ್ಲಿ ಉಳಿಯುವ ಪೆಟ್ರೋಲಿನ ದುಡ್ಡು ನೆತ್ತಿಯ ಬುಗುಟಿಗೆ ಹಚ್ಚುವ ಮುಲಾಮಿಗೂ ಸಾಲುವುದಿಲ್ಲ.

1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರಿಗೆ ಗಾಳಿಯ ಗೊಡವೆ ಅಷ್ಟಾಗಿ ಇರಲಿಲ್ಲ. ಪೇಟ ಸುತ್ತಿದವರು ಪೇಟದ ಸಮೇತ ಕುಳಿತು, ಪೇಟದ ಸಮೇತ ಇಳಿಯುತ್ತಿದ್ದರು. ಈಗ ಬಾಸಿಂಗ ಕಟ್ಟಿದ ಮದುಮಗನನ್ನು ತಗ್ಗು ಕಾರಿಗೆ ಹತ್ತಿಸುವುದನ್ನು ನೋಡಬೇಕು. ಬಾಸಿಂಗ ಮೊದಲು ಒಳಹೊಕ್ಕು ಮಾಡಿನ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ, ಮದುಮಗ ಹೊರಗೆ ಉಳಿಯುತ್ತಾನೆ, ಸೋದರಮಾವ ಇಬ್ಬರ ನಡುವೆ ಕೈ ತೂರಿಸಿ ಗಂಟು ಬಿಚ್ಚುತ್ತಾನೆ. ಛಾಯಾಗ್ರಾಹಕ ಮಾತ್ರ ಒಂದು ಕ್ಷಣವನ್ನೂ ಬಿಡುವುದಿಲ್ಲ.

ನಮ್ಮ ದೊಡ್ಡಪ್ಪ ಆರಡಿಯ ಹತ್ತಿರದ ಆಳು. ಕುಮಟಾದಲ್ಲಿ ನೆಂಟರ ಮನೆಯ ಮದುವೆಗೆ ಅವರನ್ನೂ ದೊಡ್ಡಾಯಿಯನ್ನೂ ಕರೆದೊಯ್ಯುವುದು ನನ್ನ ಪಾಲಿಗೆ ಬಂತು. ತಲೆ ಬಗ್ಗಿಸುವುದನ್ನು ದೊಡ್ಡಪ್ಪನಿಗೆ ಯಾರೂ ಕಲಿಸಬೇಕಾಗಿಲ್ಲ. ಅವರು ಹುಟ್ಟಿ ಬೆಳೆದ ಹಳೆಯ ಮನೆಯ ಬಾಗಿಲು ತಗ್ಗು. ಆ ಅಭ್ಯಾಸವೇ ಇಲ್ಲಿ ಕೈಕೊಟ್ಟಿತು. ತಗ್ಗು ಬಾಗಿಲಿನ ಮನೆಗೆ ತಲೆ ಮೊದಲು ಹೋಗುತ್ತದೆ, ಕಾಲು ಹಿಂದಿನಿಂದ ಬರುತ್ತದೆ, ಒಳಗೆ ಹೋದವನು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಾನೆ. ಕಾರಿನಲ್ಲಿ ನೆಟ್ಟಗಾಗುವುದು ಎಲ್ಲಿ? ತಲೆ ಹೋಯಿತು, ಬಲಗಾಲು ಹೋಯಿತು, ಎಡಗಾಲು ಅಂಗಳದಲ್ಲಿ ಉಳಿಯಿತು, ಪಂಚೆಯ ಚುಂಗು ಬಾಗಿಲಿಗೆ ಸಿಕ್ಕಿತು. ಮುಂದಿನ ಸೀಟಿನ ಬೆನ್ನನ್ನು ತಬ್ಬಿಕೊಂಡು ಒಳಗಿನಿಂದಲೇ ಕೇಳಿದರು: "ಅಪ್ಪಿ, ಇನ್ನು ಯಾವುದನ್ನು ಎತ್ತಬೇಕು?"

ಎತ್ತಲು ಉಳಿದದ್ದು ಒಂದೇ ಕಾಲು. ಅದರ ಮೇಲೆಯೇ ಅವರು ನಿಂತಿದ್ದರು.

ದಾರಿ ತೋರಿಸಿದವರು ದೊಡ್ಡಾಯಿ. ಅವರು ಹುಬ್ಬಳ್ಳಿಯಲ್ಲಿ ಸೊಂಟದ ಕೀಲು ಬದಲಿಸಿಕೊಂಡು ಬಂದವರು. ಆ ಶಸ್ತ್ರಚಿಕಿತ್ಸೆಯಾದವರಿಗೆ ಮೊದಲ ಕೆಲವು ವಾರ ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಗ್ಗಿಸಬೇಡಿ ಎಂದು ಹೇಳುವುದುಂಟು. ಹಾಗಾಗಿ ಕಾರು ಹತ್ತುವುದನ್ನೂ ಫಿಸಿಯೋಥೆರಪಿಯವರು ಪಾಠ ಮಾಡಿಯೇ ಕಳುಹಿಸಿದ್ದರು. "ಹಿಂದಿನ ಸೀಟು ಬೇಡ, ಮುಂದೆ ಬನ್ನಿ" ಎಂದು ಗಂಡನನ್ನು ಹೊರಗೆಳೆಸಿ, ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿಸಿ, ಅದರ ಬೆನ್ನನ್ನು ಸ್ವಲ್ಪ ಮಲಗಿಸಿದರು. ಸೀಟನ್ನು ಮೇಲೆತ್ತುವ ಸನ್ನೆ ಪಕ್ಕದಲ್ಲೇ ಇತ್ತು. ಅದು ಇದ್ದದ್ದು ನನಗೆ ತಿಳಿದದ್ದೇ ಆಗ. ಕಾರಿಗೆ ಬೆನ್ನು ಹಾಕಿ ನಿಲ್ಲಬೇಕು. ಸೀಟಿನ ಅಂಚು ಕಾಲಿಗೆ ತಾಗುವವರೆಗೆ ಹಿಂದೆ ಸರಿಯಬೇಕು. ಕೈ ಊರಿ, ತಲೆ ತಗ್ಗಿಸಿ, ಮೊದಲು ಕುಳಿತೇಬಿಡಬೇಕು; ಕಾಲಿನ ಯೋಚನೆ ಆಮೇಲೆ. ಕುಳಿತ ನಂತರ ಎರಡೂ ಕಾಲು ಜೋಡಿಸಿ ಒಳಗೆ ತಿರುಗಬೇಕು. ಬಟ್ಟೆ ಸೀಟಿಗೆ ಕಚ್ಚಿಕೊಳ್ಳದಿರಲು ಕೆಳಗೊಂದು ಪ್ಲಾಸ್ಟಿಕ್ ಚೀಲ ಹಾಸಿಕೊಂಡರೆ ಸಲೀಸು.

ದೊಡ್ಡಾಯಿ ಹಾಸಿದ್ದು ಸೀರೆ ಅಂಗಡಿಯ ನುಣುಪಾದ ಚೀಲ. ದೊಡ್ಡಪ್ಪ ಉಟ್ಟದ್ದು ಗಂಜಿ ಹಾಕಿ ಇಸ್ತ್ರಿ ಮಾಡಿದ ಪಂಚೆ. ಕುಳಿತರು, ಕಾಲು ಜೋಡಿಸಿದರು, ತಿರುಗಿದರು, ತಿರುಗುತ್ತಲೇ ಹೋದರು. ಗೇರಿನ ಹಿಡಿ ತಡೆಯದೇ ಹೋಗಿದ್ದರೆ ಕಾರು ಓಡಿಸುವವರು ಅವರೇ ಆಗುತ್ತಿದ್ದರು. "ಅಷ್ಟು ದೂರ ಹೋಗಬೇಕಾಗಿರಲಿಲ್ಲ" ಎಂದಷ್ಟೇ ಹೇಳಿ ದೊಡ್ಡಾಯಿ ಚೀಲವನ್ನು ಎಳೆದು ಮಡಚಿಟ್ಟರು. ಕುಳಿತ ಮೇಲೆ ಚೀಲ ತೆಗೆಯಲೇಬೇಕು; ಬ್ರೇಕ್ ಹಾಕಿದಾಗ ಬೆಲ್ಟಿನ ಅಡಿಯಿಂದ ಮುಂದಕ್ಕೆ ಜಾರುವ ಅಪಾಯವಿದೆ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ತಗ್ಗು ಸೀಟಿನಲ್ಲಿ ಸೊಂಟ ಮೊಣಕಾಲಿಗಿಂತ ಕೆಳಗೆ ಹೋಗಿರುತ್ತದೆ. ಏಳಬೇಕಾದರೆ ಮೈಯ ಭಾರ ಪಾದದ ಮೇಲೆ ಬರಬೇಕು. ಅದಕ್ಕಾಗಿ ಎರಡೂ ಪಾದ ಹೊರಗೆ ಊರಿ, ಸೀಟಿನ ಅಂಚಿಗೆ ಸರಿದು, ಮೂಗು ಮೊಣಕಾಲನ್ನು ದಾಟುವಷ್ಟು ಮುಂದೆ ಬಾಗಬೇಕು. ಬಾಗಿದವನ ತಲೆ ತಾನಾಗಿಯೇ ಮಾಡಿನಿಂದ ಹೊರಗೆ ಬಂದಿರುತ್ತದೆ. ಬಾಗದೆ ಏಳುವವನು ಮಾಡು ಎಷ್ಟು ಗಟ್ಟಿ ಎಂದು ಪರೀಕ್ಷಿಸುತ್ತಾನೆ.

ಇದರ ಮೇಲೆ ನಮ್ಮ ಊರಿನ ನೆಲ ಬೇರೆ. ಮಲೆನಾಡಿನಲ್ಲಿ ಸಮತಟ್ಟಾದ ಜಾಗ ಎಂದರೆ ಅಡಿಕೆ ಒಣಗಿಸುವ ಅಂಗಳ ಮಾತ್ರ. ಅಲ್ಲಿ ಕಾರು ನಿಲ್ಲಿಸಿದರೆ ಮನೆಯಲ್ಲಿ ಊಟ ಸಿಗುವುದಿಲ್ಲ. ಉಳಿದೆಡೆಯೆಲ್ಲ ಏರು, ಇಳುಕಲು. ಏರಿಗೆ ಮುಖ ಮಾಡಿ ನಿಲ್ಲಿಸಿದರೆ ಬಾಗಿಲು ತಾನಾಗಿ ಮುಚ್ಚಿಕೊಂಡು ಬಂದು ಮೊಳಕಾಲಿಗೆ ಬಡಿಯುತ್ತದೆ. ಇಳುಕಲಿಗೆ ಮುಖ ಮಾಡಿದರೆ ಹಿಡಿದುಕೊಂಡ ಬಾಗಿಲು ಮುಂದಕ್ಕೆ ಓಡುತ್ತದೆ, ಹಿಡಿದವನೂ ಅದರ ಹಿಂದೆ ಹೋಗುತ್ತಾನೆ. ಮಳೆಗಾಲದಲ್ಲಿ ಕೊಡೆ ಮಡಚದೆ ಒಳಗೆ ಹೋಗುವಂತಿಲ್ಲ, ಒಳಗೆ ಹೋಗದೆ ಕೊಡೆ ಮಡಚುವಂತಿಲ್ಲ. ದೊಡ್ಡಾಯಿಯ ಪಾಠದಂತೆ ಹಿಂದುಮುಂದಾಗಿ ಕುಳಿತರೆ ಕೊಡೆಯನ್ನು ಕೊನೆಯವರೆಗೂ ತಲೆಯ ಮೇಲೆ ಹಿಡಿಯಬಹುದು. ಆಮೇಲೆ ಅದರ ನೀರೆಲ್ಲ ತೊಡೆಯ ಮೇಲೆ ಸುರಿಯುತ್ತದೆ, ಆ ಮಾತು ಬೇರೆ.

ಕುಮಟಾದ ಕಲ್ಯಾಣಮಂಟಪದ ಬಾಗಿಲಿನಲ್ಲಿ ಕಾರು ನಿಂತಾಗ ಪನ್ನೀರು ಚಿಮುಕಿಸುವ ಹುಡುಗಿಯರು, ಬೀಗರು, ವಾದ್ಯದವರು ಎಲ್ಲರ ಕಣ್ಣೂ ನಮ್ಮ ಮೇಲೆ. ದೊಡ್ಡಪ್ಪ ಪಾಠದಂತೆ ಪಾದ ಹೊರಗಿಟ್ಟು ಬಾಗಲು ಹೊರಟಿದ್ದರು. ಅಷ್ಟರಲ್ಲಿ ಉಪಕಾರಿಗಳಿಬ್ಬರು ಓಡಿ ಬಂದು ತಲಾ ಒಂದು ಕೈ ಹಿಡಿದು, ಬಾವಿಯಿಂದ ಕೊಡ ಸೇದಿದಂತೆ ಮೇಲಕ್ಕೆ ಎಳೆದರು. ಮೇಲೆ ಇದ್ದದ್ದು ಮಾಡು. ಆ ಸದ್ದಿಗೆ ವಾದ್ಯದವರೂ ಒಂದು ಗಳಿಗೆ ನಿಲ್ಲಿಸಿದರು. ಕೈ ಎಳೆಯುವುದಕ್ಕಿಂತ ಬಾಗಿಲಿನ ಮೇಲಂಚಿಗೆ ಅಂಗೈ ಅಡ್ಡ ಹಿಡಿಯುವುದೇ ದೊಡ್ಡ ಸಹಾಯ ಎಂಬುದು ನಮ್ಮವರಿಗೆ ಯಾವಾಗ ತಿಳಿಯುತ್ತದೋ.

ಊಟ ಮುಗಿಸಿ ಹೊರಡುವಾಗ ನಾನು ಹಾಗೆಯೇ ಅವರ ತಲೆಯ ಮೇಲೆ ಕೈ ಇಟ್ಟು ಒಳಗೆ ಬಗ್ಗಿಸಲು ನೋಡಿದೆ. ದೊಡ್ಡಪ್ಪ ಥಟ್ಟನೆ ಕೈ ತಳ್ಳಿದರು. "ಟಿವಿಯಲ್ಲಿ ಪೊಲೀಸರು ಜೀಪಿಗೆ ಹತ್ತಿಸುವುದು ಹೀಗೆಯೇ. ನಾನು ಹತ್ತು ವರ್ಷ ಸೊಸೈಟಿಯ ನಿರ್ದೇಶಕನಾಗಿದ್ದವನು. ನೋಡಿದವರು ಏನೆಂದುಕೊಂಡಾರು?"

ಘಾಟಿ ಹತ್ತಿ ದೇವಿಮನೆಯಲ್ಲಿ ಕಾರು ನಿಲ್ಲಿಸಿದೆ. ಆ ದಾರಿಯಲ್ಲಿ ಬಂದರೆ ಇಳಿದು ದೇವಿಗೆ ಕೈಮುಗಿದೇ ಮುಂದೆ ಹೋಗುವುದು ನಮ್ಮ ಮನೆಯ ರೂಢಿ. ದೊಡ್ಡಾಯಿ ಹೊಸ ಸೊಂಟದಲ್ಲಿ ಸರಾಗವಾಗಿ ಇಳಿದು ಹೋದರು. ದೊಡ್ಡಪ್ಪ ಗಾಜು ಇಳಿಸಿ, ಕುಳಿತಲ್ಲಿಂದಲೇ ಕೈಮುಗಿದು, ಕಾಣಿಕೆಯ ದುಡ್ಡನ್ನು ನನ್ನ ಕೈಗಿಟ್ಟರು.

"ಇಳಿಯುವುದಿಲ್ಲವೇ ದೊಡ್ಡಪ್ಪ?"

"ಇಳಿದರೆ ಮತ್ತೆ ಹತ್ತಬೇಕಲ್ಲ ಅಪ್ಪಿ. ನೀನೇ ಹಾಕಿ ಬಾ. ಬರುವಾಗ ಎಲ್ಲಾದರೂ ಚಹಾ ಸಿಕ್ಕಿದರೆ ಕಿಟಕಿಗೇ ತಾ."