ಬೆಪ್ಪುವಿಗೆ ಒಂದು ದಿನ ಸಾಲದು

ಜಪಾನಿನ ಬೆಪ್ಪು ನಗರದ ಬಗ್ಗೆ ನೀವು ಬರೆದ ಲೇಖನ ಇಷ್ಟವಾಯಿತು. ಆದರೆ ಬೆಪ್ಪುವಿನ ಬಿಸಿನೀರಿನ ಬುಗ್ಗೆಗಳನ್ನು ಒಂದೇ ದಿನದಲ್ಲಿ ನೋಡಿ ಮುಗಿಸಬಹುದು ಅಂತ ಬರೆದಿದ್ದೀರಲ್ಲ, ಅದನ್ನು ಮಾತ್ರ ಒಪ್ಪಲಾರೆ. ನಾನೂ ಅಮ್ಮನೂ ಮೂರು ರಾತ್ರಿ ಇದ್ದೆವು. ಬಿಟ್ಟು ಬರಲು ಮನಸ್ಸೇ ಆಗಲಿಲ್ಲ.

ಉಮಿ ಜಿಗೊಕು ಎಂಬ ಬುಗ್ಗೆಯ ನೀಲಿ ನೀರು, ಚಿನೊಇಕೆ ಎಂಬ ಬುಗ್ಗೆಯ ಕೆಂಪು ನೀರು ಚೆಂದವೇ. ಆದರೆ ಅವು ನೋಡುವುದಕ್ಕೆ ಮಾತ್ರ, ಇಳಿಯುವ ಹಾಗಿಲ್ಲ. ನನಗೆ ಜಾಸ್ತಿ ಹಿಡಿಸಿದ್ದು ಅದೇ ಊರಿನ ಕನ್ನಾವಾ ಎಂಬ ಬಡಾವಣೆಯ ಬೀದಿಗಳು. ಚರಂಡಿ ಸಂದಿಯಿಂದಲೂ ಹಬೆ ಏಳುತ್ತಿರುತ್ತದೆ. ನೆಲದಿಂದ ಬರುವ ಆ ಹಬೆಯಲ್ಲೇ ಅಡುಗೆ ಬೇಯಿಸುತ್ತಾರೆ. ಅದಕ್ಕೆ ಜಿಗೊಕು ಮುಶಿ ಅಂತ ಹೆಸರು. ಗೆಣಸು, ಕುಂಬಳಕಾಯಿ, ಮುಸುಕಿನ ಜೋಳದ ತೆನೆ ಇಟ್ಟು ಮುಚ್ಚಳ ಮುಚ್ಚಿದರೆ ಆಯಿತು. ಎಣ್ಣೆ ಇಲ್ಲ, ಮೀನಿನ ಸಾರಿಲ್ಲ. ನಮ್ಮಂಥ ಸಸ್ಯಾಹಾರಿಗಳಿಗೆ ಜಪಾನಿನಲ್ಲಿ ಇದು ದೊಡ್ಡ ಸಮಾಧಾನ ಅಲ್ವಾ? ಮುಚ್ಚಳ ತೆಗೆದಾಗ ಅಮ್ಮ, "ನಮ್ಮ ಇಡ್ಲಿ ಪಾತ್ರೆ ಹಾಗೇ ಇದೆ ಕಣೇ" ಅಂದರು.

ಸ್ನಾನಕ್ಕೆ ಬೇರೆ ಬಿಸಿನೀರಿನ ಕೊಳಗಳಿವೆ, ಅವಕ್ಕೆ ಬಟ್ಟೆ ಇಲ್ಲದೆ ಇಳಿಯಬೇಕು. ಹೆಂಗಸರಿಗೆ ಬೇರೆ ಜಾಗ ಇದ್ದರೂ ಅಮ್ಮ ಮೊದಲ ದಿನ ಒಪ್ಪಲಿಲ್ಲ. ಅವರ ಸಂಕೋಚ ಬಿಡಿಸಿದ್ದು ತಕೆಗವಾರಾದ ಮರಳು ಸ್ನಾನ. 1879ರಲ್ಲಿ ಶುರುವಾದ ಸ್ನಾನಗೃಹ ಅದು. ಯುಕಾಟಾ ಅನ್ನುವ ತೆಳುವಾದ ಹತ್ತಿ ನಿಲುವಂಗಿ ತೊಟ್ಟೇ ಮಲಗುವುದು. ಬೆಚ್ಚಗಿನ ಮರಳನ್ನು ಕುತ್ತಿಗೆವರೆಗೆ ಹೊದಿಸುತ್ತಾರೆ. ಆ ರಾತ್ರಿ ಅಮ್ಮನಿಗೆ ಎಷ್ಟು ಒಳ್ಳೆ ನಿದ್ದೆ!

ಹೋಗುವವರು ಇಷ್ಟು ನೆನಪಿಡಿ: ಮೊದಲು ಪುಟ್ಟ ಸ್ಟೂಲ್ ಮೇಲೆ ಕೂತು ಮೈ ಚೆನ್ನಾಗಿ ತೊಳೆದುಕೊಂಡೇ ಕೊಳಕ್ಕೆ ಇಳಿಯಬೇಕು. ಟವೆಲ್ ನೀರಿಗೆ ತಾಗಿಸಬೇಡಿ.